ಅಪ್ಪ ಕೇಳಿದ್ದು: ‘ಬ್ಲ್ಯಾಕ್‌ನ್ಯಾಗ ಮಾರಾಕತ್ತೀಯೇನು?’

ಡಿಸೆಂಬರ್ ಬಂತೆಂದರೆ ಅಪ್ಪ ಧಾರವಾಡದಿಂದ ಪುಣೆಗೆ ಬರುತ್ತಾರೆ. ಮಗ, ಸೊಸೆ, ಮೊಮ್ಮಗಳನ್ನು ನೋಡುವುದು ಒಂದು ನೆಪ. ನಿಜವಾದ ಕಾರಣ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವ ಅದು. ‘ನಮ್ಮೂರವರ ಜಾತ್ರಿ, ನಾವು ಹೋಗದಿದ್ರ ಹೆಂಗ?’ ಎನ್ನುವುದು ಅಪ್ಪನ ವಾದ.

ಈ ಸಲ ಅವರು ಬಂದ ವಾರವೇ ಪುಣೆಯಲ್ಲಿ ಇನ್ನೊಂದು ಸಂಗೀತ ಕಾರ್ಯಕ್ರಮ ಇತ್ತು. ಅದು ನಮ್ಮ ತಲೆಮಾರಿನದು. ದೊಡ್ಡ ಮೈದಾನ, ದೊಡ್ಡ ವೇದಿಕೆ, ಕಣ್ಣು ಕೋರೈಸುವ ದೀಪಗಳು. ಹೆಸರು ಬೇಡ, ಯಾಕೆಂದರೆ ಈ ಕತೆ ಅದೊಂದರದ್ದೇ ಅಲ್ಲ. ನಾನು ಮತ್ತು ಹೆಂಡತಿ ನಾಲ್ಕು ತಿಂಗಳು ಮೊದಲೇ ತಲಾ 4,000 ರೂಪಾಯಿ ಕೊಟ್ಟು ಎರಡು ಟಿಕೆಟ್ ತೆಗೆದಿಟ್ಟಿದ್ದೆವು. ಕಾರ್ಯಕ್ರಮಕ್ಕೆ ಐದು ದಿನ ಇರುವಾಗ ಆಫೀಸಿನಲ್ಲಿ ರಿಲೀಸ್ ದಿನಾಂಕ ಬದಲಾಯಿತು. ಅದೇ ಶನಿವಾರ ರಾತ್ರಿ ನಾನು ಲ್ಯಾಪ್‌ಟಾಪ್ ಮುಂದೆ ಕೂರಲೇಬೇಕಾಯಿತು. ‘ನೀನಿಲ್ಲದೆ ನಾನೊಬ್ಬಳೇ ಹೋಗಲಾರೆ’ ಎಂದಳು ಹೆಂಡತಿ. ಆ್ಯಪ್ ತೆರೆದು ನೋಡಿದರೆ ಟಿಕೆಟ್ ರದ್ದು ಮಾಡುವ ಬಟನ್ನೇ ಇಲ್ಲ. ನಿಯಮಗಳ ಪಟ್ಟಿಯ ಕೊನೆಯಲ್ಲಿ ಎರಡು ಸಾಲು: ಹಣ ವಾಪಸಿಲ್ಲ, ಬೇರೆಯವರಿಗೆ ಮಾರುವಂತಿಲ್ಲ.

ಅಂದರೆ 8,000 ರೂಪಾಯಿ ನೀರಿಗೆ ಹಾಕು, ಇಲ್ಲವೇ ನಿಯಮ ಮುರಿ. ನಾನು ಎರಡನೆಯದನ್ನೇ ಮಾಡಿದೆ. ಸೊಸೈಟಿಯ ಮತ್ತು ಆಫೀಸಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಟೂ ಟಿಕೆಟ್ಸ್, ಬೆಸ್ಟ್ ಆಫರ್’ ಎಂದು ಹಾಕಿದೆ. ಹತ್ತು ನಿಮಿಷದಲ್ಲಿ ಒಬ್ಬ 6,000 ಎಂದ. ಇನ್ನೊಬ್ಬ 9,000. ಮೆಸೇಜು ಕೈಯಿಂದ ಕೈಗೆ ಎಲ್ಲೆಲ್ಲಿ ಹೋಯಿತೋ, ರಾತ್ರಿ ಊಟದ ಹೊತ್ತಿಗೆ ಗುರುತೇ ಇಲ್ಲದ ನಂಬರಿನಿಂದ ಬಂತು: ಒಂದಕ್ಕೆ 15,000, ಈಗಲೇ ಹಣ ಹಾಕುತ್ತೇನೆ.

ನನ್ನ ಮುಖ ಅರಳಿದ್ದು ಕಂಡು ಅಪ್ಪ ಏನೆಂದು ಕೇಳಿದರು. ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಅಂದರು: ‘ಅಂದ್ರ ಬ್ಲ್ಯಾಕ್‌ನ್ಯಾಗ ಮಾರಾಕತ್ತೀಯೇನು ತಮ್ಮಾ?’

ಟಾಕೀಸಿನ ಗೇಟಿನಿಂದ ಮೊಬೈಲಿಗೆ

ಆ ಮಾತಿಗೆ ನನಗೆ ಸಿಟ್ಟು ಬಂತು. ಬ್ಲ್ಯಾಕ್ ಎಂದರೆ ನನ್ನ ಕಣ್ಣಿಗೆ ಬರುವುದು ಹುಬ್ಬಳ್ಳಿಯ ಟಾಕೀಸಿನ ಗೇಟು. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಿಡುಗಡೆಯಾದಾಗ ನಾನು ಪಿಯುಸಿ ಹುಡುಗ. ಬೆರಳ ಸಂದಿಯಲ್ಲಿ ಟಿಕೆಟ್ ಮಡಿಸಿಕೊಂಡು ‘ಬಾಲ್ಕನಿ ನೂರು, ಬಾಲ್ಕನಿ ನೂರು’ ಎಂದು ತುಟಿ ಅಲ್ಲಾಡಿಸದೆ ಕೂಗುವವನೊಬ್ಬ ಇರುತ್ತಿದ್ದ. ಅವನೆಲ್ಲಿ, ಎಂಟೆಕ್ ಮುಗಿಸಿ ಹಿಂಜವಡಿಯಲ್ಲಿ ಕೆಲಸ ಮಾಡುವ ನಾನೆಲ್ಲಿ?

ರಾತ್ರಿ ನಿದ್ದೆ ಬಾರದೆ ಯೋಚಿಸಿದಾಗ ಒಂದು ವ್ಯತ್ಯಾಸ ಹೊಳೆಯಿತು, ಅದು ನನ್ನ ಪರವಾಗಿರಲಿಲ್ಲ. ಗೇಟಿನ ಆ ಮನುಷ್ಯನ ದಂಧೆಗೆ ಮಿತಿಗಳಿದ್ದವು. ಕೌಂಟರಿನಲ್ಲಿ ತಲೆಗೆ ನಾಲ್ಕೇ ಟಿಕೆಟ್ ಕೊಡುತ್ತಿದ್ದರು, ಹಾಗಾಗಿ ಅರವತ್ತು ಟಿಕೆಟ್ ಬೇಕೆಂದರೆ ಅವನು ಹದಿನೈದು ಹುಡುಗರನ್ನು ಸಾಲಿನಲ್ಲಿ ನಿಲ್ಲಿಸಬೇಕಿತ್ತು. ಲಾಠಿ ಹಿಡಿದ ಪೊಲೀಸರು ಬಂದರೆ ಓಡಬೇಕಿತ್ತು. ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ಅವನ ನೂರರ ಟಿಕೆಟ್ ಮೂವತ್ತಕ್ಕೆ ಇಳಿಯುತ್ತಿತ್ತು. ಮೋಸ ಮಾಡಿದರೆ ಮರುದಿನವೂ ಅದೇ ಗೇಟಿನಲ್ಲಿ ಅವನ ಮುಖ ಸಿಗುತ್ತಿತ್ತು.

ಮೊಬೈಲಿಗೆ ಬಂದ ಬ್ಲ್ಯಾಕ್‌ಗೆ ಈ ಯಾವ ಮಿತಿಯೂ ಇಲ್ಲ. ಅದು ದೇಶಕ್ಕೆಲ್ಲ ಗೊತ್ತಾದದ್ದು 2024ರ ಸೆಪ್ಟೆಂಬರ್ 22ರ ಭಾನುವಾರ. ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2025ರ ಜನವರಿಯಲ್ಲಿ ನಡೆಯಲಿದ್ದ ಕೋಲ್ಡ್‌ಪ್ಲೇ ಕಾರ್ಯಕ್ರಮದ ಟಿಕೆಟ್ ಮಾರಾಟ ಅಂದು ಮಧ್ಯಾಹ್ನ 12ಕ್ಕೆ ಶುರುವಾಯಿತು. ದರ 2,500 ರೂಪಾಯಿಯಿಂದ 35,000ದವರೆಗೆ. ಪುಣೆಯ ಐಟಿ ಹುಡುಗ ಹುಡುಗಿಯರು ಅರ್ಧಕ್ಕರ್ಧ ಅಂದು ಆನ್‌ಲೈನ್ ಸರತಿಯಲ್ಲಿದ್ದರೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ನೋಡನೋಡುತ್ತಲೇ ಟಿಕೆಟ್ ಖಾಲಿ. ಬೆನ್ನಿಗೇ ಮರುಮಾರಾಟದ ಜಾಲತಾಣಗಳಲ್ಲಿ ಅದೇ ಟಿಕೆಟ್ ಲಕ್ಷಗಳ ಲೆಕ್ಕದಲ್ಲಿ ಕಾಣಿಸಿಕೊಂಡಿತು. ಅದೇ ಚಳಿಗಾಲದಲ್ಲಿ ದಿಲ್ಜಿತ್ ದೋಸಾಂಜ್ ದೇಶದ ಹಲವು ನಗರಗಳಲ್ಲಿ ಹಾಡಿದರು, ನವೆಂಬರ್ 24ರಂದು ನಮ್ಮ ಪುಣೆಯ ಕೊಥ್ರೂಡಿನಲ್ಲಿ, ಡಿಸೆಂಬರ್ 6ರಂದು ಬೆಂಗಳೂರಿನಲ್ಲಿ. ಆ ಟಿಕೆಟ್‌ಗಳದ್ದೂ ಇದೇ ಪಾಡು. ಜಾರಿ ನಿರ್ದೇಶನಾಲಯ ಅಕ್ಟೋಬರಿನಲ್ಲಿ ದೆಹಲಿ, ಮುಂಬೈ, ಜೈಪುರ, ಚಂಡೀಗಢ, ಬೆಂಗಳೂರುಗಳ 13 ಕಡೆ ಶೋಧ ನಡೆಸಿತು. ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್, ಟೆಲಿಗ್ರಾಂ ಮೂಲಕ ನಕಲಿ ಟಿಕೆಟ್‌ಗಳೂ ಮಾರಾಟವಾಗಿವೆ ಎಂದು ಅದು ಹೇಳಿತು.

ನಮ್ಮ ಕಸುಬಿನವರ ಕೈಚಳಕ

ಇದು ಹೇಗೆ ಸಾಧ್ಯ ಎಂದು ಅಪ್ಪ ಮರುದಿನ ಕೇಳಿದರು. ವಿವರಿಸಲು ಹೊರಟಾಗ ನನಗೇ ನಾಚಿಕೆಯಾಯಿತು, ಏಕೆಂದರೆ ಇದೆಲ್ಲ ನಮ್ಮ ಕಸುಬಿನವರದೇ ಕೆಲಸ.

ಟಿಕೆಟ್ ಮಾರುವ ಯಂತ್ರಕ್ಕೆ ಮನುಷ್ಯ ಕಾಣುವುದಿಲ್ಲ, ಖಾತೆ ಮಾತ್ರ ಕಾಣುತ್ತದೆ. ‘ಒಬ್ಬರಿಗೆ ನಾಲ್ಕು ಟಿಕೆಟ್’ ಎಂಬ ನಿಯಮ ಅದಕ್ಕೆ ‘ಒಂದು ಖಾತೆಗೆ ನಾಲ್ಕು’ ಎಂದಷ್ಟೇ ಅರ್ಥವಾಗುತ್ತದೆ. ನೂರು ಸಿಮ್ ಇದ್ದವನಿಗೆ ನೂರು ಖಾತೆ, ನೂರು ಖಾತೆಗೆ 400 ಟಿಕೆಟ್. ಹದಿನೈದು ಹುಡುಗರ ಬದಲು ಬಾಡಿಗೆ ಸರ್ವರಿನಲ್ಲಿ ಓಡುವ ಒಂದು ಪುಟ್ಟ ಪ್ರೋಗ್ರಾಂ ಸಾಕು. ನಾನು ಹೆಸರು, ನಂಬರು ಟೈಪ್ ಮಾಡುವಷ್ಟರಲ್ಲಿ ಅದು ಸೀಟು ಹಿಡಿದು ಹಣ ಕಟ್ಟಿ ಮುಗಿಸಿರುತ್ತದೆ. ‘ನಾನು ರೋಬೊ ಅಲ್ಲ’ ಎಂಬ ಚಿತ್ರ ಪರೀಕ್ಷೆ ಬಂದರೆ ಅದನ್ನು ಬಿಡಿಸಿಕೊಡಲು ಕೂಲಿಗೆ ಜನ ಸಿಗುತ್ತಾರೆ. ಇದಕ್ಕೆ ಎಂಟೆಕ್ ಬೇಕಿಲ್ಲ. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ ಒಂದು ವಾರಾಂತ್ಯದಲ್ಲಿ ಬರೆದುಬಿಡಬಲ್ಲ.

ಎರಡನೆಯದು ಇನ್ನೂ ಜಾಣತನದ್ದು: ಕೈಯಲ್ಲಿ ಇಲ್ಲದ ಟಿಕೆಟನ್ನು ಮಾರುವುದು. ಮೊದಲು ನಿಮ್ಮಿಂದ 20,000 ತೆಗೆದುಕೊಂಡು, ಆಮೇಲೆ ನನ್ನಂಥ ಯಾರ ಬಳಿಯಾದರೂ 15,000ಕ್ಕೆ ಕೊಂಡು ನಿಮಗೆ ಕಳಿಸುವುದು. ಸಿಗದಿದ್ದರೆ ಫೋನ್ ಸ್ವಿಚ್ ಆಫ್. ಮೂರನೆಯದು ಬರೀ ಮೋಸ. ಒಂದೇ ಟಿಕೆಟಿನ ಚಿತ್ರವನ್ನು ಹತ್ತು ಜನಕ್ಕೆ ಕಳಿಸಿದರೆ ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವನು ಒಳಗೆ, ಉಳಿದ ಒಂಬತ್ತು ಜನ ಹೊರಗೆ.

ಆ ಒಂಬತ್ತರಲ್ಲಿ ಒಬ್ಬಳು ನಮ್ಮ ಟೀಮಿನಲ್ಲೇ ಇದ್ದಾಳೆಂದು ನನಗೆ ತಿಳಿದದ್ದು ಅದೇ ವಾರ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಹುಡುಗಿ, ಟೆಸ್ಟಿಂಗ್ ಕೆಲಸಕ್ಕೆ ಸೇರಿ ವರ್ಷ ತುಂಬಿಲ್ಲ. ಓದಿದ್ದು ಮರಾಠಿಯಲ್ಲಿ, ಮನೆ ಮಾತು ಕನ್ನಡ. ನನ್ನ ಮೆಸೇಜು ನೋಡಿ ಊಟದ ಹೊತ್ತಿನಲ್ಲಿ ಬಂದು ಮೆಲ್ಲಗೆ ಕೇಳಿದಳು: ‘ಸರ್, ಟಿಕೆಟ್ ಅದಾವ ಅಂತಲ್ಲ, ಎಷ್ಟಕ್ಕ ಕೊಡ್ತೀರಿ? ನನ್ನ ಕಡೆ ಭಾಳ ಇಲ್ರೀ.’ ಹಿಂದಿನ ಸಲ ಇನ್ನೊಂದು ಕಾರ್ಯಕ್ರಮಕ್ಕೆ ಅವಳೂ ಅವಳ ರೂಮ್‌ಮೇಟೂ ಟೆಲಿಗ್ರಾಂನಲ್ಲಿ ಸಿಕ್ಕ ಯಾರಿಗೋ 9,000 ಕೊಟ್ಟಿದ್ದರಂತೆ. ಗೇಟಿನಲ್ಲಿ ಯಂತ್ರ ಕೆಂಪು ದೀಪ ತೋರಿಸಿತು, ಆ ಟಿಕೆಟಿನಲ್ಲಿ ಆಗಲೇ ಯಾರೋ ಒಳಗೆ ಹೋಗಿದ್ದರು. ಸೈಬರ್ ವಂಚನೆಯ 1930 ನಂಬರಿಗೆ ಫೋನ್ ಮಾಡಿ ದೂರು ಕೊಟ್ಟರು. ದೂರಿನ ಸಂಖ್ಯೆ ಬಂತು, ಹಣ ಬರಲಿಲ್ಲ. ‘ಗೇಟಿನ ಹೊರಗ ನಿಂತು ಹಾಡು ಕೇಳಿದ್ವಿ ಸರ್, ಆವಾಜ್ ಚಲೋನ ಬರ್ತಿತ್ತು’ ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಕಾನೂನಿನಲ್ಲಿ ಒಂದು ಪದ ಇದೆ, ಅಷ್ಟೆ

ಇಷ್ಟಾದರೂ ಸರ್ಕಾರ ಏನು ಮಾಡುತ್ತಿದೆ ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದು ಸ್ವಾರಸ್ಯವಾಗಿದೆ.

ಕಾಳಸಂತೆ ತಡೆಗೆ ನಮ್ಮಲ್ಲಿ ಗಟ್ಟಿ ಕಾನೂನುಗಳಿವೆ. ಆದರೆ 1955ರ ಅಗತ್ಯ ವಸ್ತುಗಳ ಕಾಯ್ದೆಯಾಗಲಿ, 1980ರ ಕಾಳಸಂತೆ ತಡೆ ಕಾಯ್ದೆಯಾಗಲಿ ಇರುವುದು ಅಕ್ಕಿ, ಬೇಳೆ, ಸೀಮೆಎಣ್ಣೆಯಂಥ ವಸ್ತುಗಳಿಗೆ. ಸಂಗೀತ ಕಾರ್ಯಕ್ರಮದ ಟಿಕೆಟ್ ಅಗತ್ಯ ವಸ್ತುವಲ್ಲ. ಅಪ್ಪ ಮಾತ್ರ ಇದನ್ನು ಒಪ್ಪಲಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 112ನೇ ಸೆಕ್ಷನ್ನಿನಲ್ಲಿ ‘ಸಣ್ಣ ಸಂಘಟಿತ ಅಪರಾಧ’ ಎಂಬ ಹೊಸ ಅಪರಾಧವಿದೆ. ಕಳವು, ಜೂಜು, ಪ್ರಶ್ನೆಪತ್ರಿಕೆ ಮಾರಾಟದ ಜೊತೆಗೆ ‘ಅನಧಿಕೃತ ಟಿಕೆಟ್ ಮಾರಾಟ’ ಎಂಬ ಮಾತೂ ಅಲ್ಲಿದೆ. ಶಿಕ್ಷೆ ಒಂದು ವರ್ಷದಿಂದ ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ಓದಿದಾಗ ಎದೆ ಧಸಕ್ಕೆಂದಿತು. ಆದರೆ ಅದು ಅನ್ವಯವಾಗುವುದು ಗುಂಪು ಅಥವಾ ಗ್ಯಾಂಗಿನ ಸದಸ್ಯರಿಗೆ. ಯಾವ ಟಿಕೆಟ್, ಯಾರ ಅನುಮತಿ ಇದ್ದರೆ ಅಧಿಕೃತ, ಎಷ್ಟು ಬೆಲೆಗೆ ಮಾರಿದರೆ ತಪ್ಪು ಎಂಬುದನ್ನು ಆ ಸೆಕ್ಷನ್ ಹೇಳುವುದಿಲ್ಲ. ಮನೆಯಲ್ಲಿ ಕೂತು 400 ಟಿಕೆಟ್ ಹಿಡಿಯುವ ಒಂಟಿ ಮನುಷ್ಯ ಗ್ಯಾಂಗೇ? ಗೊತ್ತಿಲ್ಲ. ಎರಡು ಟಿಕೆಟ್ ಹಿಡಿದುಕೊಂಡು ಬೆಸ್ಟ್ ಆಫರ್ ಎಂದು ಬರೆದ ನಾನು? ಕಾನೂನಿನ ಕಣ್ಣಿಗೆ ಬಹುಶಃ ಏನೂ ಅಲ್ಲ.

ಈ ಖಾಲಿ ಜಾಗವನ್ನು ತುಂಬಿಸಿ ಎಂದು ವಕೀಲರೊಬ್ಬರು ಬಾಂಬೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. 2025ರ ಜನವರಿ 10ರಂದು, ಅಂದರೆ ನವಿ ಮುಂಬೈನ ಮೊದಲ ಕಾರ್ಯಕ್ರಮಕ್ಕೆ ಎಂಟು ದಿನ ಇರುವಾಗ, ಕೋರ್ಟು ಅದನ್ನು ವಜಾ ಮಾಡಿತು. ನಿಯಮ ಮಾಡುವುದು ಶಾಸಕಾಂಗ ಮತ್ತು ಸರ್ಕಾರದ ಕೆಲಸ, ನಮ್ಮದಲ್ಲ ಎಂಬುದು ತೀರ್ಪಿನ ಸಾರ. ಅದು ಸರಿಯೂ ಹೌದು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಪಟ್ಟಿಯ 33ನೇ ನಮೂದು ನಾಟಕ, ಸಿನಿಮಾ, ಕ್ರೀಡೆ, ಮನರಂಜನೆಗಳನ್ನು ರಾಜ್ಯಗಳ ಕೈಗೆ ಕೊಟ್ಟಿದೆ. ಹಾಗಾಗಿ ಕೇಳಬೇಕಾದದ್ದು ಮುಂಬೈಯ ವಿಧಾನಭವನವನ್ನು, ಬೆಂಗಳೂರಿನ ವಿಧಾನಸೌಧವನ್ನು.

ಊರಿಗೆ ಹೋಗುವ ರೈಲು ಕಲಿಸಿದ ಪಾಠ

ಆ ತೀರ್ಪಿನ ಹಿಂದಿನ ದಿನ, ಜನವರಿ 9ರಂದು, ಸುಪ್ರೀಂ ಕೋರ್ಟ್ ಬೇರೊಂದು ಟಿಕೆಟ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಕೇರಳದಲ್ಲಿ ಅಧಿಕೃತ ಏಜೆಂಟ್ ಅಲ್ಲದ ಒಬ್ಬ ವ್ಯಕ್ತಿ ಹಲವು ಯೂಸರ್ ಐಡಿಗಳನ್ನು ಸೃಷ್ಟಿಸಿ ರೈಲು ಟಿಕೆಟ್ ಮಾರಿದ ಆರೋಪ ಅದು. 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಬರೆದಾಗ ಇಂಟರ್ನೆಟ್ ಟಿಕೆಟ್ ಇರಲೇ ಇಲ್ಲ, ಆದರೂ ಇ-ಟಿಕೆಟ್‌ಗೂ ಅದು ಅನ್ವಯಿಸುತ್ತದೆ ಎಂದಿತು ಕೋರ್ಟು. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದೇ ದಿನದ ಅಂತರದಲ್ಲಿ ಬಂದ ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ರೈಲಿನ ಟಿಕೆಟ್‌ಗೆ ಕಾನೂನು ಇತ್ತು, ಕೋರ್ಟು ಅದನ್ನು ಹೊಸ ಕಾಲಕ್ಕೆ ಹಿಗ್ಗಿಸಿತು. ಮನರಂಜನೆಯ ಟಿಕೆಟ್‌ಗೆ ಹಿಗ್ಗಿಸಲು ಕಾನೂನೇ ಸಿಗಲಿಲ್ಲ.

ಪುಣೆಯ ಕನ್ನಡಿಗರಿಗೆ ರೈಲಿನ ಟಿಕೆಟ್ ಬಗ್ಗೆ ನಾನೇನು ಹೊಸದಾಗಿ ಹೇಳಬೇಕಿಲ್ಲ. 2024ರ ಸೆಪ್ಟೆಂಬರಿನಲ್ಲಿ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಬಂದರೂ ದೀಪಾವಳಿ, ಯುಗಾದಿಗೆ ಊರು ಮುಟ್ಟುವುದು ಇನ್ನೂ ಪರೀಕ್ಷೆ ಬರೆದ ಹಾಗೆಯೇ. ಆದರೆ ಒಂದು ವಿಷಯ ಗಮನಿಸಿ. ರೈಲ್ವೆ ದಲ್ಲಾಳಿಗಳನ್ನು ಬರೀ ಜೈಲು ತೋರಿಸಿ ಹೆದರಿಸಲಿಲ್ಲ. ಟಿಕೆಟ್ ಮೇಲೆ ಪ್ರಯಾಣಿಕನ ಹೆಸರು ಬರೆಯಿತು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗನ್ನು 120 ದಿನದಿಂದ 60 ದಿನಕ್ಕೆ ಇಳಿಸಿತು. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ ಮಾಡಿ, ಮೊದಲ ಅರ್ಧ ಗಂಟೆ ಏಜೆಂಟರನ್ನು ದೂರವಿಟ್ಟಿತು.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ಕಣ್ಣಿಗೆ ಬೀಳದ ಒಂದು ಸಣ್ಣ ಸೌಲಭ್ಯ: ಕ್ಯಾನ್ಸಲ್ ಬಟನ್. ಸಾಮಾನ್ಯ ರಿಸರ್ವೇಶನ್ ನಾನು ರದ್ದು ಮಾಡಿದರೆ ಒಂದಿಷ್ಟು ಹಣ ಮುರಿದುಕೊಂಡು ಉಳಿದದ್ದು ವಾಪಸ್ ಬರುತ್ತದೆ. ನನ್ನ ಸೀಟು ವೇಟಿಂಗ್ ಲಿಸ್ಟಿನಲ್ಲಿ ಕಾದವರಿಗೆ ಹೋಗುತ್ತದೆ, ಅದೂ ಅದೇ ದರಕ್ಕೆ. ಖಚಿತವಾದ ಟಿಕೆಟನ್ನು ರೈಲು ಹೊರಡುವ 24 ಗಂಟೆ ಮೊದಲು ಮನೆಯವರ ಹೆಸರಿಗೆ ಬದಲಿಸಿಕೊಳ್ಳುವ ಅವಕಾಶವೂ ಇದೆ. ಹೋಗಲಾಗದವನಿಗೆ ಗೌರವದ ದಾರಿ ಇರುವುದರಿಂದ, ದಲ್ಲಾಳಿಯನ್ನು ಹಿಡಿದಾಗ ಅವನು ‘ನನಗೂ ಹೋಗಲಾಗಲಿಲ್ಲ ಸಾರ್’ ಎಂದು ಜಾರಿಕೊಳ್ಳುವಂತಿಲ್ಲ.

ಮನರಂಜನೆಯ ಟಿಕೆಟಿನಲ್ಲಿ ಇಲ್ಲದಿರುವುದು ಇದೇ. ವಾಪಸ್ ಕೊಡುವ ಬಾಗಿಲು ಮುಚ್ಚಿರುವುದರಿಂದ ಪ್ರಾಮಾಣಿಕನೂ ದಲ್ಲಾಳಿಯೂ ಒಂದೇ ಹಿಂಬಾಗಿಲಲ್ಲಿ ನಿಲ್ಲುತ್ತಾರೆ, ಒಂದೇ ಗುಂಪಿನಲ್ಲಿ ಮೆಸೇಜು ಹಾಕುತ್ತಾರೆ. ಯಾರು ಯಾರೆಂದು ಪೊಲೀಸರಿಗೂ ಗೊತ್ತಾಗುವುದಿಲ್ಲ. ಕೆಲವೊಮ್ಮೆ ಮಾರುವವನಿಗೂ ಗೊತ್ತಾಗುವುದಿಲ್ಲ. 15,000ದ ಆಫರ್ ಬಂದ ರಾತ್ರಿ ನನಗೂ ಗೊತ್ತಾಗಿರಲಿಲ್ಲ.

ಬೇರೆಯವರು ಮಾಡಿದ್ದು

ಈ ತಲೆನೋವು ನಮ್ಮದೊಂದೇ ಅಲ್ಲ. ಜಪಾನ್ 2019ರ ಜೂನ್‌ನಿಂದ ಲಾಭಕ್ಕಾಗಿ ಟಿಕೆಟ್ ಮರುಮಾರಾಟ ಮಾಡುವುದನ್ನು ಅಪರಾಧ ಮಾಡಿದೆ. ಒಂದು ವರ್ಷದವರೆಗೆ ಜೈಲು ಅಥವಾ ಹತ್ತು ಲಕ್ಷ ಯೆನ್‌ವರೆಗೆ ದಂಡ. ಐರ್ಲೆಂಡ್ 2021ರ ಕಾಯ್ದೆಯಲ್ಲಿ ದೊಡ್ಡ ಕಾರ್ಯಕ್ರಮಗಳ ಟಿಕೆಟನ್ನು ಮುಖಬೆಲೆಗಿಂತ ಹೆಚ್ಚಿಗೆ ಮಾರುವುದನ್ನು ನಿಷೇಧಿಸಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಸರ್ಕಾರ ಘೋಷಿಸಿದ ದೊಡ್ಡ ಕಾರ್ಯಕ್ರಮಗಳ ಟಿಕೆಟ್‌ಗೆ ಮೂಲ ಬೆಲೆಯ ಮೇಲೆ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬ್ರಿಟನ್ ಸರ್ಕಾರ ಮುಖಬೆಲೆಗಿಂತ ಹೆಚ್ಚಿನ ಮರುಮಾರಾಟವನ್ನು ಕಾನೂನುಬಾಹಿರ ಮಾಡುವುದಾಗಿ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಅಲ್ಲಿ ಫುಟ್‌ಬಾಲ್ ಟಿಕೆಟಿನ ಅನಧಿಕೃತ ಮಾರಾಟ 1994ರಿಂದಲೇ ಅಪರಾಧ.

ಅಮೆರಿಕ ಹಿಡಿದದ್ದು ಬೇರೆ ದಾರಿ. ಬೆಲೆಗೆ ಕೈ ಹಾಕದೆ, ಟಿಕೆಟ್ ಹಿಡಿಯುವ ಪ್ರೋಗ್ರಾಂಗಳನ್ನು ಮಾತ್ರ 2016ರಲ್ಲಿ ನಿಷೇಧಿಸಿತು. ಆ ಕಾಯ್ದೆಯ ಅಡಿ ಮೊದಲ ಕ್ರಮ ಬಂದದ್ದು 2021ರಲ್ಲಿ, ನಾಲ್ಕು ವರ್ಷದ ನಂತರ. ಕತ್ತಲಲ್ಲಿ ಓಡುವ ಪ್ರೋಗ್ರಾಂ ಹಿಡಿಯುವುದು ಕಷ್ಟ, ಎಲ್ಲರಿಗೂ ಕಾಣುವ ಬೆಲೆ ಹಿಡಿಯುವುದು ಸುಲಭ ಎಂಬುದು ಇದರಿಂದ ನಾನು ಕಲಿತ ಪಾಠ.

ಟಿಕೆಟ್ ನನ್ನದು, ಎಷ್ಟಕ್ಕಾದರೂ ಮಾರುತ್ತೇನೆ, ಕೊಳ್ಳುವವನಿಗೆ ಇಷ್ಟವಿದ್ದರೆ ಸರ್ಕಾರಕ್ಕೇನು ಎಂದು ಆಫೀಸಿನ ಗೆಳೆಯನೊಬ್ಬ ವಾದಿಸಿದ. ಸೈಟು, ಚಿನ್ನಕ್ಕೆ ಹೇಳುವ ಮಾತು ಅದು. ಟಿಕೆಟ್ ಎಂದರೆ ಒಂದು ಸಂಜೆಗೆ ಒಂದು ಜಾಗದ ಭರವಸೆ ಮಾತ್ರ. 400 ಟಿಕೆಟ್ ಹಿಡಿದವನು ಆ ಸಂಜೆಗೆ ಒಂದು ಕುರ್ಚಿಯನ್ನೂ ಸೇರಿಸಿರುವುದಿಲ್ಲ, ಇದ್ದ ಕುರ್ಚಿಗಳ ಮುಂದೆ ಅಡ್ಡ ನಿಂತಿರುತ್ತಾನೆ. ಹೆಚ್ಚಿನ ಹಣದಲ್ಲಿ ಹಾಡಿದವರಿಗೂ, ದೀಪ ಕಟ್ಟಿದವರಿಗೂ ಒಂದು ಪೈಸೆ ಹೋಗುವುದಿಲ್ಲ.

ಇನ್ನೊಬ್ಬಳು ಕೇಳಿದ್ದು ಗಂಭೀರ ಪ್ರಶ್ನೆ. ಕರ್ನಾಟಕ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಸಿನಿಮಾ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿ ಆದೇಶ ಹೊರಡಿಸಿತು. ಹನ್ನೊಂದೇ ದಿನದಲ್ಲಿ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಬೆಲೆಗೆ ಕೈ ಹಾಕಿದರೆ ಹೀಗೇ ಆಗುತ್ತದಲ್ಲವೇ? ಆದರೆ ಅದು ಮೊದಲ ಬೆಲೆಯ ಜಗಳ, ಅಂದರೆ ಬಂಡವಾಳ ಹಾಕಿದವನು ಎಷ್ಟು ದರ ಇಡಬೇಕೆಂಬುದು. ನಾನು ಹೇಳುತ್ತಿರುವುದು ಎರಡನೇ ಬೆಲೆಯ ಮಾತು. ಸಂಘಟಕರು ಟಿಕೆಟ್‌ಗೆ 4,000 ಇಡಲಿ, 35,000 ಇಡಲಿ. ಅವರು ಇಟ್ಟ ಬೆಲೆಗೇ ಅದು ಕೊನೆಯ ಕೈಯವರೆಗೂ ಹೋಗಬೇಕು.

ನಾಲ್ಕು ನಿಯಮ ಸಾಕು

ಮಹಾರಾಷ್ಟ್ರವಾಗಲಿ ಕರ್ನಾಟಕವಾಗಲಿ ಕಾನೂನು ತರುವುದಾದರೆ ದೊಡ್ಡ ಪುಸ್ತಕ ಬೇಕಿಲ್ಲ. ಟಿಕೆಟ್ ಮಾರುವ ಯಂತ್ರದ ಒಳಗನ್ನು ಸ್ವಲ್ಪ ಬಲ್ಲವನಾಗಿ ನನಗೆ ನಾಲ್ಕು ಮಾತು ಸಾಕೆನಿಸುತ್ತದೆ.

ಮೊದಲನೆಯದು, ವಾಪಸಿನ ಹಕ್ಕು. ಟಿಕೆಟ್ ಮಾರಿ ಮುಗಿದಿದೆ ಎಂದು ತೋರಿಸುವ ಪ್ರತಿ ದೊಡ್ಡ ಕಾರ್ಯಕ್ರಮಕ್ಕೂ ವೇಟಿಂಗ್ ಲಿಸ್ಟ್ ಇರಲಿ. ನಾನು ವಾಪಸ್ ಕೊಟ್ಟ ಟಿಕೆಟನ್ನು ಆ ಪಟ್ಟಿಯಲ್ಲಿ ಯಾರಾದರೂ ಕೊಂಡರೆ ಮಾತ್ರ ನನಗೆ ಹಣ ಬರಲಿ, ಸಣ್ಣ ಶುಲ್ಕ ಮುರಿದುಕೊಂಡರೂ ಸರಿ. ಆಗ ಸಂಘಟಕರಿಗೆ ಒಂದು ರೂಪಾಯಿ ನಷ್ಟವೂ ಇಲ್ಲ, ಖಾಲಿ ಕುರ್ಚಿಯೂ ಇಲ್ಲ. ಇಂಥ ಪಟ್ಟಿಯನ್ನು ಬರೆಯುವುದು ನಮ್ಮ ಕಸುಬಿನಲ್ಲಿ ಹೊಸ ಹುಡುಗರಿಗೆ ಕೊಡುವ ಕೆಲಸ.

ಎರಡನೆಯದು, ಮರುಮಾರಾಟಕ್ಕೆ ಬೆಲೆಯ ಮಿತಿ. ಕೊಂಡ ಬೆಲೆ ಮತ್ತು ಕಟ್ಟಿದ ಶುಲ್ಕ, ಅದಕ್ಕಿಂತ ಹೆಚ್ಚಿಲ್ಲ. ಬೇಕಿದ್ದರೆ ವಿಕ್ಟೋರಿಯಾದಂತೆ ಶೇ 10 ಸೇರಿಸಿ. ಮಿತಿ ಮೀರಿದ ಜಾಹೀರಾತು ಹಾಕಿದವನ ಜೊತೆಗೆ ಅದನ್ನು ತೋರಿಸಿ ಕಮಿಷನ್ ತಿನ್ನುವ ಜಾಲತಾಣವೂ ಹೊಣೆಯಾಗಲಿ. ಲಾಭವೇ ಇಲ್ಲದಿದ್ದರೆ ನೂರು ಸಿಮ್ ಯಾರು ಕೊಳ್ಳುತ್ತಾರೆ?

ಮೂರನೆಯದು, ಲೆಕ್ಕದ ಪಾರದರ್ಶಕತೆ. ಮೈದಾನದಲ್ಲಿ ಎಷ್ಟು ಜಾಗ, ಅದರಲ್ಲಿ ಜನರಿಗೆ ಮಾರಾಟಕ್ಕೆ ಬಿಟ್ಟದ್ದೆಷ್ಟು, ಪ್ರಾಯೋಜಕರಿಗೆ, ಗಣ್ಯರಿಗೆ, ಪಾಸುಗಳಿಗೆ ತೆಗೆದಿಟ್ಟದ್ದೆಷ್ಟು ಎಂದು ಮಾರಾಟಕ್ಕೆ ಮೊದಲೇ ಪ್ರಕಟಿಸಲಿ. ಐದು ನಿಮಿಷದಲ್ಲಿ ಖಾಲಿಯಾಯಿತೆಂದರೆ ಎಷ್ಟು ಖಾಲಿಯಾಯಿತು ಎಂದು ತಿಳಿಯುವ ಹಕ್ಕು ಕಾದು ಕೂತವನಿಗಿದೆ. ಇದು ಬರೀ ಹಣದ ಲೆಕ್ಕವೂ ಅಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅಲ್ಲಿ ನಡೆದದ್ದೇ ಬೇರೆ, ಕಾಳಸಂತೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಯಾರಿಗೆ ಒಳಗೆ ಜಾಗವಿದೆ, ಯಾರಿಗಿಲ್ಲ ಎಂಬುದು ಗೇಟಿನ ಹತ್ತಿರ ಇತ್ಯರ್ಥವಾಗುವ ವಿಷಯವಾಗಬಾರದು ಎಂದು ಆ ದಿನ ನಮಗೆಲ್ಲ ಕಲಿಸಿತು. ಒಂದೇ ಟಿಕೆಟ್ ಹಿಡಿದು ಬರುವ ಹತ್ತು ಜನ ಗೇಟಿನಲ್ಲಿ ಸೃಷ್ಟಿಸುವುದು ಅದೇ ಗೊಂದಲವನ್ನು.

ನಾಲ್ಕನೆಯದು, ಅತಿ ಬೇಡ. ತತ್ಕಾಲ್ ಮಾದರಿಯಲ್ಲಿ ಹಾಡು ಕೇಳುವುದಕ್ಕೂ ಆಧಾರ್ ಕೇಳುವುದು ನನಗೆ ಇಷ್ಟವಿಲ್ಲ. ಟಿಕೆಟ್ ಕೈ ಬದಲಾದಾಗ ಹಳೆಯ ಕೋಡ್ ಸತ್ತು ಹೊಸದು ಹುಟ್ಟುವ ವ್ಯವಸ್ಥೆ ಆ್ಯಪ್‌ನಲ್ಲೇ ಇದ್ದರೆ ನಕಲಿಯ ಕಾಟ ಬಹುಪಾಲು ತಪ್ಪುತ್ತದೆ. ಸಾವಿರ ಜನಕ್ಕಿಂತ ಕಡಿಮೆ ಸೇರುವ ನಾಟಕ, ಯಕ್ಷಗಾನ, ಕನ್ನಡ ಸಂಘದ ಕಾರ್ಯಕ್ರಮಗಳನ್ನು ಈ ಕಾನೂನು ಮುಟ್ಟದಿರಲಿ. ಗೆಳೆಯನಿಗೆ ಟಿಕೆಟ್ ಕೊಡುವುದು ಅಪರಾಧ ಆಗದಿರಲಿ.

ಕೊನೆಗೆ ಆದದ್ದು

ಟಿಕೆಟ್ ಏನಾಯಿತು ಎಂದು ಹೇಳದಿದ್ದರೆ ನೀವು ಬಿಡುವುದಿಲ್ಲ. ಮಂಗಳವಾರ ರಾತ್ರಿ ಅಪ್ಪನ ಪ್ರಶ್ನೆ, ಬುಧವಾರ ಮಧ್ಯಾಹ್ನ ಅಕ್ಕಲಕೋಟೆಯ ಹುಡುಗಿಯ ಪ್ರಶ್ನೆ. 15,000ದವನಿಗೆ ನಾನು ಅಷ್ಟರಲ್ಲಿ ‘ಯೋಚಿಸಿ ಹೇಳುತ್ತೇನೆ’ ಎಂದಷ್ಟೇ ಬರೆದಿದ್ದೆ. ಸುಳ್ಳೇಕೆ, ಯೋಚಿಸುತ್ತಲೂ ಇದ್ದೆ. ಎರಡಕ್ಕೆ 30,000, ಅಂದರೆ ಮಗಳ ಸ್ಕೂಲ್ ಬಸ್ಸಿನ ವರ್ಷದ ಫೀಸು. ಬುಧವಾರ ಸಂಜೆ ಹುಡುಗಿಗೆ ಎರಡೂ ಟಿಕೆಟ್ ಕೊಂಡ ಬೆಲೆಗೇ ಕೊಟ್ಟೆ. ಅವಳು ಅಲ್ಲೇ ಯುಪಿಐ ಮಾಡಿದಳು, ಬುಕಿಂಗ್ ಶುಲ್ಕ ಸೇರಿಸಿ ಚಿಲ್ಲರೆ ಸಮೇತ. ಟಿಕೆಟ್ ನನ್ನ ಹೆಸರಿನಲ್ಲಿದ್ದುದರಿಂದ ಗೇಟಿನಲ್ಲಿ ಬಿಡುತ್ತಾರೋ ಇಲ್ಲವೋ ಎಂದು ಶನಿವಾರ ಸಂಜೆಯವರೆಗೂ ಇಬ್ಬರಿಗೂ ಅಳುಕು. ಏಳು ಗಂಟೆಗೆ ಅವಳಿಂದ ಮೆಸೇಜು ಬಂತು: ‘ಸರ್, ಹಸಿರು ದೀಪ!’

ಇದನ್ನು ನನ್ನ ದೊಡ್ಡತನವೆಂದು ಹೇಳಿಕೊಳ್ಳುತ್ತಿಲ್ಲ. ಆ ವಾರ ಅಪ್ಪ ಮನೆಯಲ್ಲಿದ್ದರು, ಕೊಳ್ಳುವವಳ ಮುಖ ನನ್ನೆದುರಿಗಿತ್ತು. ಅಪ್ಪ ಧಾರವಾಡದಲ್ಲೇ ಇದ್ದಿದ್ದರೆ, ಹುಡುಗಿ ಆ ಮೆಸೇಜು ನೋಡದೆ ಹೋಗಿದ್ದರೆ ನಾನು ಏನು ಮಾಡುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು. ಎಲ್ಲರ ಮನೆಯಲ್ಲೂ ಎಲ್ಲ ದಿನವೂ ಕೇಳುವ ಅಪ್ಪ ಇರುವುದಿಲ್ಲ. ಅಂಥ ದಿನಗಳಿಗೇ ಕಾನೂನು ಬೇಕು.

ಭಾನುವಾರ ಅಪ್ಪನ ಜೊತೆ ಮುಕುಂದನಗರದ ಮೈದಾನಕ್ಕೆ ಹೋದೆ, ಮಹೋತ್ಸವದ ಕೊನೆಯ ದಿನ. ನನ್ನ ಬಳಿ ಟಿಕೆಟ್ ಇರಲಿಲ್ಲ. ಅಪ್ಪನ ಹಳೆಯ ಗೆಳೆಯರೊಬ್ಬರು, ಮೂವತ್ತು ವರ್ಷದಿಂದ ಕರ್ವೆನಗರದಲ್ಲಿರುವ ಗದಗಿನವರು, ಮಂಡಿ ನೋವೆಂದು ಅಂದು ಬರಲಿಲ್ಲ. ಅವರ ಪಾಸು ನನಗೆ ಸಿಕ್ಕಿತು. ಹೋಗುವ ದಾರಿಯಲ್ಲಿ ಅಪ್ಪ ತಮ್ಮ ಹಳೆಯ ಕತೆ ಹೇಳಿದರು. ಎಂಬತ್ತರ ದಶಕದಲ್ಲಿ ಹೀಗೇ ಟಿಕೆಟ್ ಇಲ್ಲದೆ ಬಂದು ಗೇಟಿನ ಬಳಿ ನಿಂತಿದ್ದಾಗ, ಬೆಳಗ್ಗೆ ಡ್ಯೂಟಿ ಇದೆಯೆಂದು ನಡುರಾತ್ರಿ ಎದ್ದು ಹೊರಟ ಪುಣೆಯವರೊಬ್ಬರು ತಮ್ಮ ಟಿಕೆಟ್ ಇವರ ಕೈಗಿಟ್ಟಿದ್ದರಂತೆ. ಅಪ್ಪ ಹಣ ಚಾಚಿದರೆ, ಅರ್ಧ ರಾತ್ರಿ ನಾನು ಕೇಳಿದ್ದೇನೆ, ಅರ್ಧ ದುಡ್ಡು ಕೊಡು ಎಂದು ಅಷ್ಟೇ ತೆಗೆದುಕೊಂಡರಂತೆ. ‘ಭೀಮಣ್ಣ ಸಣ್ಣವನಿದ್ದಾಗ ಗುರುವನ್ನ ಹುಡುಕಲಿಕ್ಕೆ ಟಿಕೆಟ್ ಇಲ್ಲದ ರೈಲು ಹತ್ತಿದವ. ಅವನ ಜಾತ್ರ್ಯಾಗ ಟಿಕೆಟಿನ ವ್ಯಾಪಾರ ಮಾಡ್ಲಿಕ್ಕೆ ಬರೂದಿಲ್ಲ ಬಿಡು’ ಎಂದರು.

ಕಛೇರಿ ಮುಗಿಸಿ ವಾಪಸ್ ಬರುತ್ತಾ ಕರ್ವೆನಗರಕ್ಕೆ ಹೋಗಿ ಪಾಸು ಹಿಂತಿರುಗಿಸಿದೆವು. ಅಂದಿನ ದಿನದ ಲೆಕ್ಕ ಹಾಕಿ ನಾನು ಹಣ ಕೊಡಲು ಹೋದರೆ ಅವರು ಬೈದರು. ಅಪ್ಪ ಸುಮ್ಮನೆ ಚೀಲದಿಂದ ಒಂದು ಕಿಲೋ ಧಾರವಾಡ ಫೇಡೆ ತೆಗೆದು ಮೇಜಿನ ಮೇಲಿಟ್ಟರು. ಗೇಟು ದಾಟಿದ ಮೇಲೆ ನನ್ನ ಕಡೆ ತಿರುಗಿ ಕೇಳಿದರು:

‘ನೀ ಹೇಳೋ ಕಾನೂನು ಬಂದ್ರ, ಫೇಡೆ ಲೆಕ್ಕಾನೂ ಕೇಳ್ತಾರೇನೋ ತಮ್ಮಾ?’